ಎಡಗಾಲು ಬಿಳಿಯಾದ ನಕ್ಷತ್ರ

ನಮ್ಮ ಚರ್ಚಿನ ಕ್ರಿಸ್ಮಸ್ ನಕ್ಷತ್ರದ ಎಡಗಾಲು ಬಿಳಿಯಾಗಿರುವುದಕ್ಕೆ ಯಾವ ಅರ್ಥವೂ ಇಲ್ಲ. ಅದು ಹಿಂದಿನವರು ಹಾಕಿಕೊಟ್ಟ ಪದ್ಧತಿಯಲ್ಲ, ನನ್ನ ತವರು ಟಿ. ನರಸೀಪುರದ ಕಡೆಯಿಂದ ಬಂದದ್ದೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಶನಿವಾರ ಸಂಜೆ, ಮಾನ ಉಳಿಸಿಕೊಳ್ಳುವ ಆತುರದಲ್ಲಿ ನಾನು ಹುಟ್ಟಿಸಿದ ಕತೆ ಅದು. ನಾನು — ನಂಜನಗೂಡಿನ ಈ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಭಾನುವಾರದ ಉಪದೇಶ ತರಗತಿ ನಡೆಸುತ್ತಿರುವ ಸಿಸಿಲಿ ಟೀಚರ್. ಸುಳ್ಳು ಹೇಳಬಾರದು ಎಂದು ಅದೆಷ್ಟು ಮಕ್ಕಳ ಕೈಲಿ ಬರೆಸಿದ್ದೇನೋ, ಲೆಕ್ಕವಿಲ್ಲ.

ನಗು ಬಂದರೆ ನಕ್ಕುಬಿಡಿ. ಬರೆಯುವಾಗ ನನಗೂ ಬಂತು. ಇದರಲ್ಲಿ ಒಂದು ಆಡು ಬರುತ್ತದೆ, ಆಡು ಬಂದ ಮೇಲೆ ಗಂಭೀರವಾಗಿರುವುದು ಕಷ್ಟ. ಆದರೆ ಈ ಸುಳ್ಳಿನಿಂದ ಒಬ್ಬರು ತಮ್ಮ ಕೈಕೆಲಸವನ್ನೇ ಬಿಟ್ಟರು. ಯಾಕೆ ಬಿಟ್ಟರು ಎಂಬುದು ಗೊತ್ತಿದ್ದವಳು ನಾನೊಬ್ಬಳೇ — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಇನ್ನಾಸಪ್ಪನವರನ್ನು ಹಳಬರಿಗೆ ಪರಿಚಯಿಸಬೇಕಾಗಿಲ್ಲ, ಹೊಸಬರಿಗಾಗಿ ಹೇಳುತ್ತೇನೆ. ಗಾರೆ ಕೆಲಸದವರು. ಚರ್ಚಿನ ಹಿಂದಿನ ಬೀದಿಯಲ್ಲಿ ಮನೆ. ನನ್ನ ವಯಸ್ಸಿನವರೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಮೂವತ್ತು ವರ್ಷ ನಮ್ಮ ಗಂಟೆಗೋಪುರಕ್ಕೆ ಏರಿದ ನಕ್ಷತ್ರ ಅವರು ಕಟ್ಟಿದ್ದು. ನವೆಂಬರ್ ಬಂತೆಂದರೆ ಜಗಲಿಯ ಮೇಲೆ ಬಿದಿರು ಸೀಳುತ್ತಾ ಕೂರುತ್ತಿದ್ದರು. ಉದ್ದದ ದಬ್ಬೆ ಹತ್ತು, ಗಿಡ್ಡದ್ದು ಐದು. ಐದೈದು ಉದ್ದದ ದಬ್ಬೆಗಳಲ್ಲಿ ಎರಡು ಚಪ್ಪಟೆ ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು, ಐದು ತುದಿಗಳನ್ನು ದಾರದಿಂದ ಬಿಗಿದು, ನಡುವೆ ಗಿಡ್ಡ ದಬ್ಬೆಗಳನ್ನು ಆನಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು. ಒಳಗೆ ಬಲ್ಬು. ಅದಕ್ಕೆ ತಲೆ ಒಂದು, ಕೈ ಎರಡು, ಕಾಲು ಎರಡು — ಅವರು ಹಾಗೇ ಹೇಳುತ್ತಿದ್ದರು, ಕೂಸಿಗೆ ಸ್ನಾನ ಮಾಡಿಸುವವರು ಹೇಳಿದ ಹಾಗೆ.

ಕಟ್ಟುವುದು ಅವರ ಕೆಲಸ, ಕಾಗದ ಅಂಟಿಸುವುದು ಒಂದು ಮನೆಯವರ ಕೆಲಸ. ಪ್ರತಿ ವರ್ಷ ಚೀಟಿ ಎತ್ತಿ ಆ ಮನೆ ಯಾವುದೆಂದು ಗೊತ್ತು ಮಾಡುತ್ತಿದ್ದರು. ಮೈಸೂರಿನಿಂದ ತರಿಸಿದ ಕೆಂಪು ಕಾಗದವನ್ನು ಅಳೆದು ಕತ್ತರಿಸಿ, ಬುರುಡೆಯ ಜೊತೆಗೆ ಇನ್ನಾಸಪ್ಪನವರೇ ಮನೆಗೆ ತಂದು ಕೊಡುತ್ತಿದ್ದರು. ಬುರುಡೆ ಎಂದರೆ ಬರೀ ಬಿದಿರಿನ ನಕ್ಷತ್ರ. ಕ್ರಿಸ್ಮಸ್‌ಗೆ ನಾಲ್ಕು ವಾರ ಮುಂಚೆ ಶುರುವಾಗುವ ಆಗಮನ ಕಾಲದ ಮೊದಲ ಭಾನುವಾರದ ಹಿಂದಿನ ಸಂಜೆ ಅದನ್ನು ಹಗ್ಗ ಕಟ್ಟಿ ಗೋಪುರಕ್ಕೆ ಎಳೆದರೆ, ಜನವರಿಯ ಮೂರು ರಾಜರ ಹಬ್ಬದವರೆಗೆ ಅಲ್ಲೇ. ಹೆಡತಲೆಯ ಕಡೆಯಿಂದ, ಬಿಳಿಗೆರೆಯ ಕಡೆಯಿಂದ ಬರುವವರೂ ಬಸ್ಸಿಳಿದು ಒಮ್ಮೆ ತಲೆ ಎತ್ತಿ ನೋಡಿ ಹೋಗುತ್ತಿದ್ದರು. ನಮ್ಮವರು, ಬೇರೆಯವರು ಎಂಬುದೇನೂ ಇರಲಿಲ್ಲ.

ಆ ವರ್ಷ ಚೀಟಿ ನಮ್ಮ ಮನೆಗೆ ಬಂತು. ನನ್ನ ಸಂಭ್ರಮ ಏನು ಕೇಳುತ್ತೀರಿ! ಅದರ ಹಿಂದಿನ ವರ್ಷ ಅಂಟಿಸಿದವರ ನಕ್ಷತ್ರದಲ್ಲಿ ಕಾಗದ ಸುಕ್ಕುಗಟ್ಟಿತ್ತು. ನಾನು ಚರ್ಚಿನ ಅಂಗಳದಲ್ಲೇ ನಿಂತು, ನಾಲ್ಕು ಜನ ಕೇಳುವ ಹಾಗೆ, ಇದೇನು ನಕ್ಷತ್ರವೋ ಒಣಗಿದ ಹಪ್ಪಳವೋ ಎಂದಿದ್ದೆ. ಈಗ ನನ್ನ ಸರದಿ. ಮೈದಾ ಕಾಯಿಸಿ ಅಂಟು ಮಾಡಿಕೊಂಡು ಒಂದು ಸುಕ್ಕೂ ಇಲ್ಲದ ಹಾಗೆ ಅಂಟಿಸಿದೆ. ಶನಿವಾರ ಮಧ್ಯಾಹ್ನ ಅಂಗಳದ ಮಂಚಕ್ಕೆ ಒರಗಿಸಿ ಒಣಗಲು ಬಿಟ್ಟೆ. ಪಕ್ಕದ ಮನೆಯ ಮಾದಮ್ಮ ಬೇಲಿಯ ಹತ್ತಿರ ಬಂದಳು. ಅವಳಿಗೆ ಅದನ್ನು ತೋರಿಸಿದೆ, ಹೊಗಳಿಸಿಕೊಂಡೆ, ಆಮೇಲೆ ಅವಳ ಮನೆಯ ಹಿತ್ತಿಲಲ್ಲಿ ನಿಂತು ಮಾತಾಡಿದೆ — ಯಾರ ವಿಷಯ ಎಂಬುದು ಇಲ್ಲಿ ಬೇಡ, ಆ ಸುಕ್ಕುಗಟ್ಟಿದ ನಕ್ಷತ್ರದವರ ವಿಷಯವೇ.

ನಾನು ಅವಳ ಹಿತ್ತಿಲಲ್ಲಿ, ಅವಳ ಆಡು ನಮ್ಮ ಅಂಗಳದಲ್ಲಿ. ಮೈದಾ ಅಂಟಿನ ಕಾಗದ ಆಡಿಗೆ ಎಷ್ಟು ರುಚಿಯೋ! ವಾಪಸು ಬಂದು ನೋಡಿದರೆ ನಕ್ಷತ್ರದ ಎಡಗಾಲಿನಲ್ಲಿ ಬರೀ ಬಿದಿರು. ಆಡು ತುಟಿ ಕೆಂಪಗೆ ಮಾಡಿಕೊಂಡು, ತಾಂಬೂಲ ಹಾಕಿಕೊಂಡವರ ಹಾಗೆ ಮೆಲುಕು ಹಾಕುತ್ತಾ ನಿಂತಿತ್ತು.

"ಅಯ್ಯೋ ಸಿಸಿಲಮ್ಮ, ಬಯ್ಯಬ್ಯಾಡಿ ಕಣವ್ವ, ಅದ್ಕೇನ್ ಗೊತ್ತು ಅಬ್ಬ ಅಂತ!" ಎಂದು ಮಾದಮ್ಮ ಆಡನ್ನು ಎಳೆದುಕೊಂಡು ಓಡಿದಳು.

ಅಂಗಡಿ ಬೀದಿಗೆ ಓಡಿದೆ. ಗುಲಾಬಿ ಬಣ್ಣ ಇತ್ತು, ಕಿತ್ತಳೆ ಇತ್ತು, ಆ ಕೆಂಪು ಇರಲಿಲ್ಲ. ಮನೆಯಲ್ಲಿ ನಮ್ಮ ಯಜಮಾನರು ತಾಂಡ್ಯದ ಕಾರ್ಖಾನೆಯಿಂದ ತಂದಿದ್ದ ಪ್ಯಾಕಿಂಗ್‌ನ ತೆಳು ಬಿಳಿ ಹಾಳೆ ಇತ್ತು. ಅದಕ್ಕೆ ಕುಂಕುಮ ಕಲಸಿ ಬಳಿದು ನೋಡಿದೆ, ಗಾಯದ ಬಟ್ಟೆಯ ಹಾಗೆ ಕಂಡಿತು. ಕೊನೆಗೆ ಬಿಳಿಯನ್ನೇ ಅಂಟಿಸಿದೆ. ಹಗಲಲ್ಲಿ ಅಷ್ಟೇನೂ ಕಾಣುತ್ತಿರಲಿಲ್ಲ. ಗೋಪುರದ ಎತ್ತರಕ್ಕೆ ಹೋದ ಮೇಲೆ ಯಾರು ಕಂಡಾರು ಎಂದುಕೊಂಡೆ.

ಬಲ್ಬು ಹತ್ತಿದಾಗ ನಾಲ್ಕು ಕಡೆ ಕೆಂಪು ಹಿತವಾಗಿ ಬೆಳಗಿತು. ಎಡಗಾಲು ಮಾತ್ರ ಕಣ್ಣು ಕುಕ್ಕುವ ಹಾಗೆ ಫಳಫಳ ಎಂದಿತು. ಇಡೀ ಅಂಗಳ ಕತ್ತು ಎತ್ತಿ ಅದನ್ನೇ ನೋಡಿತು. ಆಗಿದ್ದ ಫಾದರ್ — ಒಳ್ಳೆಯವರು, ಈಗ ಬೇರೆ ಊರಿನಲ್ಲಿದ್ದಾರೆ — ನನ್ನ ಕಡೆ ತಿರುಗಿ ನಗುನಗುತ್ತಲೇ ಕೇಳಿದರು: "ಟೀಚರ್, ಇದೇನು ಒಂದು ಕಾಲು ಬಿಳಿ?"

ಆಡು ತಿಂತು ಫಾದರ್. ಮೂರೇ ಮಾತು. ಅಷ್ಟು ಹೇಳಿದ್ದರೆ ಎಲ್ಲರೂ ನಕ್ಕು, ನಾನೂ ನಕ್ಕು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹಿಂದಿನ ವರ್ಷದ ಮನೆಯವಳು ಎರಡನೇ ಸಾಲಿನಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅವಳ ಕಣ್ಣು ನೋಡಿದೆ — ನನ್ನ ಬಾಯಿ ತಾನೇ ತೆರೆದುಕೊಂಡಿತು.

"ಅದು ನಮ್ಮ ಟಿ. ನರಸೀಪುರದ ಕಡೆ ಹಳೇ ಪದ್ಧತಿ ಫಾದರ್. ನಕ್ಷತ್ರ ನೋಡಿಕೊಂಡು ಜ್ಞಾನಿಗಳು ನಡೆದು ಬಂದರಲ್ಲ, ಅವರ ಹಾಗೆ ಇನ್ನೂ ದಾರಿಯಲ್ಲೇ ಇರುವವರಿಗಾಗಿ ಒಂದು ಕಾಲು ಬಿಳಿ ಬಿಡುತ್ತಾರೆ. ಅವರು ಬಂದು ಸೇರಿದ ಮೇಲೆ ಕೆಂಪು ಹಚ್ಚುತ್ತಾರೆ."

ಎಲ್ಲಿಂದ ಬಂತೋ ದೇವರಾಣೆ ಗೊತ್ತಿಲ್ಲ. ಫಾದರ್ ಕಣ್ಣಲ್ಲಿ ನೀರು. ಮರುದಿನದ ಪೂಜೆಯಲ್ಲಿ ಅದೇ ಪ್ರಬೋಧನೆ: ನಾವೆಲ್ಲರೂ ಇನ್ನೂ ದಾರಿಯಲ್ಲಿರುವವರು, ನಮಗಾಗಿ ಒಂದು ಕಾಲು ಬಿಳಿಯಾಗಿದೆ. ಜನ ನನ್ನ ಕೈ ಹಿಡಿದು, ಎಂಥಾ ವಿಷಯ ತಿಳಿಸಿದಿರಿ ಟೀಚರ್ ಎಂದರು. ನಾನು ತಲೆ ತಗ್ಗಿಸಿ ವಿನಯದಿಂದ — ಆ ವಿನಯ ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಪಾಪನಿವೇದನೆಯ ಗೂಡಿನಲ್ಲಿ ಫಾದರ್ ಕಿವಿಗೆ ಹೇಳಿ ಮುಗಿಸುತ್ತಿದ್ದೆ. ನನ್ನ ನಿಜವಾದ ತಪ್ಪು ಸೋಮವಾರದ್ದು.

ಸೋಮವಾರ ಬೆಳಿಗ್ಗೆ ಇನ್ನಾಸಪ್ಪ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ದೊಡ್ಡಪ್ಪ ಎಂದರೆ ಬರಲಿಲ್ಲ. ಕೆಲಸಕ್ಕೆ ಹೊರಟವರು, ಕರಣೆ ಇಟ್ಟ ಚೀಲ ಹೆಗಲಲ್ಲೇ ಇತ್ತು. ಪೂಜೆ ಮುಗಿದ ಮೇಲೆ ಅವರನ್ನು ಸುಮಾರು ಜನ ಕೇಳಿದ್ದರಂತೆ: ಏನು ಇನ್ನಾಸಪ್ಪ, ಇಷ್ಟು ವರ್ಷ ಕಟ್ಟಿದಿರಿ, ಇದು ನಿಮಗೆ ಗೊತ್ತೇ ಇರಲಿಲ್ಲವಾ? ಅವರು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ ಕೇಳಿದರು.

"ಮಗ, ನಿಮ್ಮೂರ್‌ನಾಗೆ ನಿಜ್ವಾಗ್ಲೂ ಅಂಗೇ ಮಾಡ್ತಾರಾ? ಅಂಗಾರೆ ನಾನು ಮೂವತ್ ವರ್ಸ ತಪ್ಪು ಕಟ್ದೆ ಅಂತಾಯ್ತಲ್ಲವ್ವ?"

ಅವರು ಜಗಳಕ್ಕೆ ಬಂದಿರಲಿಲ್ಲ. ತಿಳಿದುಕೊಳ್ಳಲು ಬಂದಿದ್ದರು. ಬೀದಿಯಲ್ಲಿ ಯಾರೂ ಇರಲಿಲ್ಲ, ಯಾರೂ ನಗುತ್ತಿರಲಿಲ್ಲ, ನನ್ನ ಮಾನ ಹೋಗುವಂಥದ್ದು ಏನೂ ಇರಲಿಲ್ಲ. ಆದರೂ ನಾನು ಹೇಳಿದೆ:

"ಹೂಂ ದೊಡ್ಡಪ್ಪ. ನಮ್ಮ ಕಡೆ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತು! ಅದನ್ನೇಕೆ ಸೇರಿಸಿದೆನೋ. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. "ಸರಿ ಮಗ, ಓದ್ದೋರು ನೀವು" ಎಂದು ಹೊರಟರು.

ಮರುವರ್ಷ ಅವರು ನಕ್ಷತ್ರ ಕಟ್ಟಲಿಲ್ಲ. ಕಣ್ಣು ಮಂಜು, ದಬ್ಬೆ ಸೀಳುವುದಕ್ಕೆ ಆಗುವುದಿಲ್ಲ ಎಂದರು. ಎಲ್ಲರೂ ನಂಬಿದರು. ಆದರೆ ಅದೇ ಕಣ್ಣಿನಲ್ಲಿ ಅವರು ಆ ಬೇಸಿಗೆ ಒಂದು ಮನೆಯ ಗೋಡೆ ಪೂರ್ತಿ ಎಬ್ಬಿಸಿದ್ದನ್ನು ನಾನು ನೋಡಿದ್ದೆ. ಮೈಸೂರಿನಿಂದ ಒಳಗೆ ದೀಪದ ಸರ ಇರುವ ಪ್ಲಾಸ್ಟಿಕ್ ನಕ್ಷತ್ರ ಬಂತು. ಅದರ ಎಡಗಾಲಿಗೆ ನಮ್ಮವರು ಭಕ್ತಿಯಿಂದ ಬಿಳಿ ಕಾಗದ ಸುತ್ತಿದರು.

ಆಮೇಲೆ ಆದದ್ದು ನಿಮಗೆಲ್ಲ ಗೊತ್ತು. ಮನೆಮನೆಯ ನಕ್ಷತ್ರಕ್ಕೂ ಬಿಳಿಗಾಲು ಬಂತು. ಮಾದಮ್ಮನಿಗೆ ಮಾತ್ರ ಪ್ರತಿ ಡಿಸೆಂಬರ್‌ನಲ್ಲೂ ಹೊಟ್ಟೆ ಹಿಡಿದುಕೊಂಡು ನಗುವುದೇ ಕೆಲಸ. "ಏನ್ ಟೀಚರಮ್ಮ, ನಮ್ಮಾಡು ತಿಂದಿದ್ನ ಇಡೀ ಊರೇ ಮೆರಸ್ತೈತಲ್ಲ!" ಎನ್ನುವಳು. ಅವಳ ಬಾಯಿ ಮುಚ್ಚಿಸಲು ಹನ್ನೆರಡು ವರ್ಷದಿಂದ ಕೊಟ್ಟ ಕಜ್ಜಾಯವನ್ನು ಒಟ್ಟುಗೂಡಿಸಿದರೆ ಒಂದು ಮದುವೆ ಆಗುತ್ತಿತ್ತು.

ನಾನು ಹುಟ್ಟಿದ ಊರಿನಿಂದ ಯಾರು ಬಂದರೂ ನನಗೆ ನಡುಕ. ಒಂದು ಸಲ ನಮ್ಮಣ್ಣ ಹಬ್ಬಕ್ಕೆ ಬಂದವನು ಗೋಪುರ ನೋಡಿ, "ಇದೇನ್ ಸಿಸಿಲಿ, ಒಂದ್ ಕಾಲ್ ಬೆಳ್ಳಗೈತಲ್ಲ?" ಎಂದು ಫಾದರ್ ಮುಂದೆಯೇ ಬಾಯಿ ತೆಗೆದ. ನಾನು ಕೈಲಿದ್ದ ಕೇಕಿನ ತುಂಡನ್ನು ಅವನ ಬಾಯಿಗೆ ತುರುಕಿದೆ. ಇನ್ನೂ ಒಂದು ತಮಾಷೆ ಕೇಳಿ. ನಮ್ಮ ಚರ್ಚಿನ ಹುಡುಗಿಯೊಬ್ಬಳು ಟಿ. ನರಸೀಪುರಕ್ಕೆ ಸೊಸೆಯಾಗಿ ಹೋದಳು. ಎರಡು ವರ್ಷದಲ್ಲಿ ಅಲ್ಲಿಯ ಮನೆಗಳಿಗೂ ಬಿಳಿಗಾಲು ಹತ್ತಿತು. ಅಣ್ಣ ಫೋನು ಮಾಡಿ, "ಅದು ನಿಮ್ಮ ನಂಜನಗೂಡಿನ ಹಳೇ ಪದ್ಧತಿಯಂತಲ್ಲ, ನೀನು ನಮ್ಗೆ ಯೋಳೇ ಇಲ್ಲ!" ಎಂದ. ನಂಜನಗೂಡಿನವರು ನರಸೀಪುರದ್ದು ಎನ್ನುತ್ತಾರೆ, ನರಸೀಪುರದವರು ನಂಜನಗೂಡಿನದು ಎನ್ನುತ್ತಾರೆ. ನಾನು ಎರಡೂ ಊರಿನ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ನಗುವುದಕ್ಕೆ ಇಷ್ಟೆಲ್ಲ ಇದ್ದದ್ದರಿಂದಲೇ ಇರಬೇಕು, ಇನ್ನಾಸಪ್ಪನವರ ವಿಷಯ ಮನಸ್ಸಿನ ಒಂದು ಮೂಲೆಗೆ ಸರಿಸುವುದು ಸುಲಭವಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವರು ಟಿ. ನರಸೀಪುರದಲ್ಲಿರುವ ಮಗಳು ಲೂರ್ದುವಿನ ಮನೆಗೆ ಹೋದರು. ಅಷ್ಟರಲ್ಲಿ ಅಲ್ಲಿಯ ಮನೆಗಳಲ್ಲೂ ಬಿಳಿಗಾಲು ಇತ್ತು, ಅದನ್ನು ಕಂಡು ನನ್ನ ಮಾತೇ ನಿಜವೆಂದುಕೊಂಡರೇನೋ. ನಾನು ತವರಿಗೆ ಹೋದಾಗೆಲ್ಲ ಅವಳ ಬೀದಿಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ.

ಈ ವರ್ಷ ನಮ್ಮ ಹೊಸ ಫಾದರ್‌ಗೆ ಒಂದು ಆಸೆ ಹುಟ್ಟಿತು. ಮತ್ತೆ ಬಿದಿರಿನ ನಕ್ಷತ್ರವೇ ಏರಬೇಕು, ಇನ್ನಾಸಪ್ಪನವರೇ ಬಂದು ಹಗ್ಗ ಎಳೆಯಬೇಕು, ಬಿಳಿಗಾಲಿನ ಅರ್ಥವನ್ನು ಅವರ ಬಾಯಿಂದಲೇ ಮಕ್ಕಳು ಕೇಳಬೇಕು. ಕರೆಯುವ ಕೆಲಸ ನನ್ನ ಪಾಲಿಗೆ. ನಾನು ಲೂರ್ದುವಿಗೆ ಫೋನು ಮಾಡಿದೆ. ಅವಳು ಅಪ್ಪನನ್ನು ಕೇಳಿ ಬಂದು ಹೇಳಿದಳು:

"ಬರಕಿಲ್ಲ ಅಂತಾರೆ ಸಿಸಿಲಕ್ಕ. ಮೂವತ್ ವರ್ಸ ಅರ್ಥ ಗೊತ್ತಿಲ್ದಂಗೆ ತಪ್ಪು ಕಟ್ದೋನು ನಾನು, ಎದ್ ನಿಂತು ಮಕ್ಕಳಿಗೆ ಏನ್ ಯೋಳ್ಲಿ ಅಂತಾರೆ."

ಹನ್ನೆರಡು ವರ್ಷವಾದರೂ ಅವರು ಅದನ್ನು ಮರೆತಿರಲಿಲ್ಲ. ನನ್ನ ಸುಳ್ಳು ಎಲ್ಲರಿಗೂ ಚಂದದ ಪದ್ಧತಿಯಾಗಿತ್ತು. ಅವರೊಬ್ಬರಿಗೆ ಮಾತ್ರ — ಏನೆಂದು ಬರೆಯಲಿ. ತಮ್ಮ ಕೈಯಿಂದಾದ ಅತಿ ಒಳ್ಳೆಯ ಕೆಲಸವೇ ತಪ್ಪು ಎಂದುಕೊಂಡು ಒಬ್ಬ ಮನುಷ್ಯ ಮುದುಕರಾಗಿದ್ದರು.

ಮರುದಿನವೇ ಬಸ್ಸು ಹತ್ತಿದೆ. ಈ ಸಲ ಆ ಬೀದಿಯನ್ನು ಸುತ್ತಿಕೊಂಡು ಹೋಗಲಿಲ್ಲ.

ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಡುಗುತ್ತಿತ್ತು. ಕಾಳು ಮೊರದೊಳಗೆ ಬಿದ್ದದ್ದಕ್ಕಿಂತ ಹೊರಗೆ ಬಿದ್ದದ್ದು ಹೆಚ್ಚು. "ಯಾರು, ಸಿಸಿಲಿನಾ? ಬಾ ಮಗ" ಎಂದರು. ನಾನು ಕೂತುಕೊಳ್ಳಲೂ ಇಲ್ಲ, ಕಾಫಿಗೂ ಕಾಯಲಿಲ್ಲ. ಕೂತರೆ ಧೈರ್ಯ ಹೋಗುತ್ತದೆಂದು ನಿಂತೇ ಎಲ್ಲ ಹೇಳಿದೆ. ಮೈದಾ ಅಂಟು, ಮಾದಮ್ಮನ ಹಿತ್ತಿಲು, ಆಡು, ಪ್ಯಾಕಿಂಗ್ ಹಾಳೆ, ಸೆರಗು ಅಡ್ಡ ಹಿಡಿದವಳ ಕಣ್ಣು. ಸೋಮವಾರ ಬೆಳಿಗ್ಗೆ ನಾನು ಹೇಳಿದ ಎರಡು ಮಾತೂ ಸುಳ್ಳು ಎಂದು ಹೇಳಿದೆ.

ಅವರ ಕೈ ನಿಂತಿತು.

"ಆಡು ತಿಂತಾ?"

"ಹೂಂ ದೊಡ್ಡಪ್ಪ."

ಮೊದಲು ಭುಜ ಅಲುಗಿತು. ಆಮೇಲೆ ನಗು. ಲೂರ್ದು ಒಳಗಿಂದ ಓಡಿಬಂದು ಬೆನ್ನು ಸವರುವಷ್ಟು ನಗು, ಕೆಮ್ಮು, ಮತ್ತೆ ನಗು. "ಸಾಮೇರು ಆಡಿನ ಎಂಜಲ ಮ್ಯಾಲೆ ಪ್ರಸಂಗ ಮಾಡುದ್ರಾ!" ಎಂದು ಮೊಣಕಾಲು ತಟ್ಟಿಕೊಂಡರು. ನಾನೂ ನಕ್ಕೆ. ಬದುಕಿಕೊಂಡೆ ಎಂದುಕೊಂಡೆ.

ನಗು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು ಕೇಳಿದರು: "ಅಂಗಾರೆ ನಾ ಕಟ್ತಿದ್ದುದ್ದು ಸರಿಯಾಗಿತ್ತಾ?"

ಹೌದೆಂದು ತಲೆ ಆಡಿಸಿದೆ.

"ಎಲ್ಲಾ ಸರಿಯಾಗಿತ್ತಾ?"

"ಎಲ್ಲಾ ಸರಿಯಾಗಿತ್ತು ದೊಡ್ಡಪ್ಪ."

ಅವರು ಹೊರಗೆ ಬಿದ್ದಿದ್ದ ಕಾಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದರು. "ನಾನು ದಡ್ಡ, ನನಗೆ ಅರ್ಥ ಗಿರ್ಥ ಗೊತ್ತಿರ್ಲಿಲ್ಲ ಮಗ. ನಕ್ಸತ್ರ ನೋಡಕ್ಕಲ್ಲ, ಅದ್ರ ಕೆಳಗೆ ಏನೈತೆ ಅಂತ ನೋಡಕ್ಕೆ, ಅಷ್ಟೇ ನಮ್ಮಪ್ಪ ಯೋಳ್ಕೊಟ್ಟಿದ್ದು" ಎಂದರು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಐದು ಮೂಲೆ, ಎಂಟು ಮೂಲೆ, ಬೆತ್ಲೆಹೇಮ್, ಜ್ಞಾನಿಗಳು ಎಂದು ಗಂಟೆಗಟ್ಟಲೆ ಮಾತಾಡಿದ್ದೇನೆ. ಗೋಪುರದ ನಕ್ಷತ್ರದ ನೇರ ಕೆಳಗೆ ಗೋದಲಿ ಇದೆ, ಗೋದಲಿಯಲ್ಲಿ ಬಾಲ ಯೇಸು ಇದ್ದಾನೆ, ತಲೆ ಎತ್ತಿದವರು ಆಮೇಲೆ ತಲೆ ತಗ್ಗಿಸಬೇಕು ಎಂದು ಇಷ್ಟು ಸಲೀಸಾಗಿ ನಾನು ಒಂದು ದಿನವೂ ಹೇಳಿರಲಿಲ್ಲ. ಅರ್ಥ ಗೊತ್ತಿದ್ದವರನ್ನೇ ಅರ್ಥ ಗೊತ್ತಿಲ್ಲದವರನ್ನಾಗಿ ಮಾಡಿ ಮನೆಗೆ ಕಳಿಸಿದ್ದೆ.

ಕ್ಷಮಿಸಿ ದೊಡ್ಡಪ್ಪ ಎಂದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ಮುಖ ಬಿಗಿಯಾಯಿತು.

"ಅನ್ನೆರಡು ವರ್ಸ ಕಣವ್ವ. ಆಗ ಕೈ ಗಟ್ಟಿಯಿತ್ತು. ಈಗ ನೋಡು, ಅವರೆಕಾಯಿ ಸುಲಿಯಕಾಗಕಿಲ್ಲ." ಮೊರವನ್ನು ಪಕ್ಕಕ್ಕೆ ಸರಿಸಿ, "ಇಲ್ಲಿ ಬಂದು ಯೋಳಿದ್ದು ಸಾಲ್ದು. ಸುಳ್ಳ ಇಡೀ ಗುಡಿ ಕಿವಿಗೆ ಆಕಿದ್ದೀಯ, ನಿಜ್ವ ನನ್ನ ಕಿವಿಗೆ ಮಾತ್ರ ಆಕುದ್ರೆ ಎಂಗೆ? ಅಲ್ಲಿ ಯೋಳು. ಮುಂದ್ಗಡೆ ಕೂತಿರ್ತೀನಿ. ಏನಾರ ಬಿಟ್ಯೋ, ಎದ್ ನಿಂತು ನಾನೇ ಯೋಳ್ತೀನಿ" ಎಂದರು.

ಅದಕ್ಕೇ ಇದನ್ನು ಬರೆದಿದ್ದೇನೆ. ಫಾದರ್ ಓದಿ ನೋಡಿದರು. ಆಡಿನ ಹತ್ತಿರ ಬಂದಾಗ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು, ಬೆನ್ನು ಕುಲುಕುತ್ತಿತ್ತು. ಭಾನುವಾರ ಪೂಜೆಯ ಕೊನೆಗೆ ಓದಲು ಒಪ್ಪಿಗೆ ಕೊಟ್ಟಿದ್ದಾರೆ.

ಬಿಳಿಗಾಲನ್ನು ಏನು ಮಾಡಬೇಕೆಂದು ನನ್ನನ್ನು ಕೇಳಬೇಡಿ. ನಿಮ್ಮಲ್ಲಿ ಕೆಲವರು ಮಾತು ಬಿಟ್ಟ ಮಕ್ಕಳನ್ನು, ದೂರದ ಊರಿನಲ್ಲಿರುವವರನ್ನು ನೆನೆದು ಆ ಕಾಗದ ಅಂಟಿಸುತ್ತೀರಿ ಎಂದು ನನಗೆ ಗೊತ್ತು. ಆ ನೆನಪು ನಿಮ್ಮದು, ಅದನ್ನು ಸುಳ್ಳೆನ್ನಲು ನನಗೆ ಬಾಯಿಲ್ಲ. ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ಹಿಂದಿನವರ ಪದ್ಧತಿ ಎನ್ನಬೇಡಿ, ಸಿಸಿಲಿ ಟೀಚರ್ ಹೇಳಿದ ಸುಳ್ಳು ಎನ್ನಿ.

ಗೋಪುರದ ನಕ್ಷತ್ರದ ಮಾತು ಬೇರೆ, ಅದು ಇನ್ನಾಸಪ್ಪನವರು ಕಟ್ಟುತ್ತಿದ್ದ ಹಾಗೆ ಪೂರ್ತಿ ಕೆಂಪಾಗಿಯೇ ಏರಬೇಕು. ಈ ವಾರವೆಲ್ಲ ನಾನು ಟಿ. ನರಸೀಪುರಕ್ಕೆ ಓಡಾಡುತ್ತಿದ್ದೇನೆ. ಅವರು ಜಗಲಿಯಲ್ಲಿ ಕೂತು ಬಯ್ಯುತ್ತಾರೆ, ನಾನು ದಬ್ಬೆ ಸೀಳುತ್ತೇನೆ. ಎರಡು ಬೆರಳಿಗೆ ಬಟ್ಟೆ ಕಟ್ಟಿದೆ. ನನ್ನ ಮೊದಲ ಬುರುಡೆಯನ್ನು ನೋಡಿ, ಕುಂಟ ಕೋಳಿ ಇದ್ದಂಗೈತೆ ಎಂದು ಬಿಚ್ಚಿಸಿದರು. ಎರಡನೆಯದನ್ನೂ ಬಿಚ್ಚಿಸಿದರು. ಬಯ್ಯುವಾಗ ಅವರ ದನಿ ಗಟ್ಟಿಯಾಗುತ್ತದೆ. ಅದನ್ನು ಕೇಳುವಾಗ ಸಂತೋಷವಾಗುತ್ತದೆ, ಅವರ ಕೈ ನೋಡಿದರೆ ಆ ಸಂತೋಷ ನನಗೆ ಸಲ್ಲದ್ದು ಎನ್ನಿಸುತ್ತದೆ. ಆ ಕೈ ಕಟ್ಟಬೇಕಾಗಿದ್ದ ಹನ್ನೆರಡು ನಕ್ಷತ್ರಗಳನ್ನು ನಾನು ಎಲ್ಲಿಂದ ತಂದುಕೊಡಲಿ.

ಏನನ್ನೂ ಬಿಟ್ಟಿಲ್ಲ ದೊಡ್ಡಪ್ಪ. ನಿಮ್ಮ ನಕ್ಷತ್ರಗಳಲ್ಲಿ ಒಂದೂ ತಪ್ಪಿರಲಿಲ್ಲ. ಇದನ್ನು ನಾನು ಎಲ್ಲರ ಎದುರಿಗೆ ಹೇಳುತ್ತಿದ್ದೇನೆ, ನೀವು ಎದ್ದು ನಿಲ್ಲಬೇಕಾಗಿಲ್ಲ.